ಹಳೇ ಯೆಜ್ಡಿ ಕೊಳ್ಳುವ ಮುಂಚೆ: ಮೊದಲು ನಂಬರ್, ಆಮೇಲೆ ಸದ್ದು

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಮೊದಲು ಕೊಂಬಿನ ಬಣ್ಣ ನೋಡುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಮನೆಗೆ ತಂದಮೇಲೆ ಎತ್ತು ಕುಂಟಿದರೆ ಆ ವರ್ಷದ ಉಳುಮೆಯೇ ಹೋಯಿತು ಅಂತ ಅವನಿಗೆ ಗೊತ್ತು. ಅದೇ ರೈತನ ಮಗ ಹಳೇ ಯೆಜ್ಡಿ ಕೊಳ್ಳಲು ಹೋದಾಗ ಮಾತ್ರ ಮೊದಲು ಟ್ಯಾಂಕಿನ ಬಣ್ಣ ನೋಡುತ್ತಾನೆ, ಆಮೇಲೆ ಸೈಲೆನ್ಸರಿನ ಸದ್ದು ಕೇಳುತ್ತಾನೆ. ಅಷ್ಟಕ್ಕೆ ಜೇಬಿಗೆ ಕೈ ಹೋಗಿರುತ್ತದೆ.

ಈಚೆಗೆ ನಮ್ಮ ಕಡೆ ಹಳ್ಳಿಗಳಲ್ಲಿ ಹಳೇ ಟೂ ಸ್ಟ್ರೋಕ್ ಬೈಕುಗಳ ಹುಚ್ಚು ಜೋರಾಗಿದೆ. ದನದ ಕೊಟ್ಟಿಗೆಯಲ್ಲಿ ಕೋಳಿ ಕೂರುತ್ತಿದ್ದ ಯೆಜ್ಡಿಯನ್ನು ಎಳೆದು ತಂದು, ತೊಳೆದು, ಬಣ್ಣ ಹೊಡೆಸಿ, ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕುತ್ತಾರೆ. ಸಂಜೆಯೊಳಗೆ ಹತ್ತು ಜನ ರೇಟು ಕೇಳುತ್ತಾರೆ. ಹಾಗೆ ಬೈಕ್ ನೋಡಲು ಹೊರಟ ಹುಡುಗರು ನಮ್ಮನ್ನೂ ಜೊತೆಗೆ ಕರೆಯುವುದುಂಟು. "ಅಣ್ಣ, ನೀವು ಪೇಪರ್‌ನೋರು, ಪೇಪರ್ ಓದೋಕೆ ನಿಮಗೇ ಬರೋದು, ಬನ್ನಿ" ಅನ್ನುತ್ತಾರೆ. ತಮಾಷೆಗೆ ಅಂದರೂ ಮಾತು ಸರಿಯಾಗಿದೆ. ಹಳೇ ಬೈಕ್ ವ್ಯಾಪಾರದಲ್ಲಿ ಮೊದಲು ಓದಬೇಕಾದದ್ದು ಪೇಪರನ್ನೇ.

ನಮ್ಮೂರಿನ ಹಳೇ ಮೆಕ್ಯಾನಿಕ್ ಒಬ್ಬರು ಯಾರೇ ಬಂದು ಕೇಳಿದರೂ ಒಂದೇ ಮಾತು ಹೇಳುತ್ತಾರೆ: "ಬೋರ್ ಹೋದ್ರೆ ಪಿಸ್ಟನ್ ಹಾಕ್ತೀನಿ. ಸೀಲ್ ಹೋದ್ರೆ ಸೀಲ್ ಹಾಕ್ತೀನಿ. ನಂಬರ್ ಹೋದ್ರೆ ನಾನೇನ್ ಹಾಕ್ಲಪ್ಪ?" ನಾವು ಇಲ್ಲಿ ಬರೆಯುವುದೆಲ್ಲ ಈ ಮಾತಿನ ವಿವರಣೆ ಅಷ್ಟೆ. ಕೆಟ್ಟ ಎಂಜಿನ್ ದುಡ್ಡಿನಿಂದ ಸರಿಹೋಗುತ್ತದೆ. ಕೆಟ್ಟ ದಾಖಲೆ ದುಡ್ಡು ಸುರಿದರೂ ಎಷ್ಟೋ ಸಲ ಸರಿಹೋಗುವುದಿಲ್ಲ.

ಇದು ನಮ್ಮದೇ ಬೈಕ್

ಯೆಜ್ಡಿ ಮೇಲೆ ನಮ್ಮವರಿಗೆ ಇರುವ ಪ್ರೀತಿಗೆ ಕಾರಣವಿದೆ. ಅದು ಮೈಸೂರಿನಲ್ಲಿ ಹುಟ್ಟಿದ ಬೈಕ್. ಜಾವಾ ಅನ್ನುವುದು ಮೂಲತಃ ಚೆಕೊಸ್ಲೊವಾಕಿಯಾ ದೇಶದ ಕಂಪನಿ. ಅದರ ಪರವಾನಗಿ ಪಡೆದು ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಬೈಕ್ ತಯಾರಿಸಲು ಶುರು ಮಾಡಿತು. 1973ರಿಂದ ಬೈಕುಗಳ ಮೇಲೆ ಯೆಜ್ಡಿ ಅನ್ನುವ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ನಡುವಿನ ಆ 35 ವರ್ಷ ಈ ಬೈಕ್ ಹೊರದ ಭಾರವಿಲ್ಲ. ಹಾಲಿನ ಕ್ಯಾನು, ಹಸಿ ಹುಲ್ಲಿನ ಹೊರೆ, ಗೊಬ್ಬರದ ಚೀಲ, ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು. ಸುಮಾರು 250 ಸಿಸಿಯ ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರೇ ಗೇರ್ ಹಾಕುವ ಲಿವರ್ ಕೂಡ. ಹಿಂದಿನ ಚೈನಿಗೆ ಮಣ್ಣು ತಾಗದಂತೆ ಪೂರ್ತಿ ಮುಚ್ಚಿದ ತಗಡಿನ ಕವರ್. ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದ ಹಾಗಿತ್ತು.

ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗುತ್ತಾ ಬಂತು. ಅಂದರೆ ಇವತ್ತು ಮಾರಾಟಕ್ಕೆ ಬರುವ ಅತಿ ಹೊಸ ಹಳೇ ಯೆಜ್ಡಿಗೂ ಅಷ್ಟು ವಯಸ್ಸಾಗಿದೆ. ಎಷ್ಟೋ ಬೈಕುಗಳು ನಾಲ್ಕೈದು ಕೈ ದಾಟಿ ಬಂದಿವೆ. ಅಷ್ಟೂ ಕೈಗಳ ಪಾಪಪುಣ್ಯ ಕೊನೆಗೆ ಕೊಂಡವನ ಹೆಗಲಿಗೆ ಬೀಳುತ್ತದೆ. 2022ರಲ್ಲಿ ಯೆಜ್ಡಿ ಹೆಸರಿನಲ್ಲೇ ಮತ್ತೆ ಮಾರುಕಟ್ಟೆಗೆ ಬಂದ ಬೈಕುಗಳು ಬೇರೆ, ಅವು ಫೋರ್ ಸ್ಟ್ರೋಕ್. "ಕಂಪನಿ ಮತ್ತೆ ಶುರುವಾಗಿದೆ, ಸ್ಪೇರ್ ಸಲೀಸಾಗಿ ಸಿಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಸದರ ಎಂಜಿನ್ ಸಾಮಾನು ಹಳೆಯದಕ್ಕೆ ಕೂರುವುದಿಲ್ಲ.

ಆರ್‌ಸಿ ಕೈಗೆ ಬಂದಮೇಲೆ

ಬೈಕ್ ನೋಡಲು ಹೋದಾಗ ಮೊದಲು ಆರ್‌ಸಿ ಕೇಳಿ. ಜೆರಾಕ್ಸ್ ಅಲ್ಲ, ಮೊಬೈಲಿನ ಫೋಟೊ ಅಲ್ಲ, ಒರಿಜಿನಲ್ಲೇ ಬೇಕು. "ಊರಲ್ಲಿದೆ, ಆಮೇಲೆ ಕೊಡ್ತೀನಿ" ಅಂದರೆ ನೀವೂ ದುಡ್ಡು ಆಮೇಲೆ ಕೊಡುತ್ತೀನಿ ಅಂತ ಹೇಳಿ ಎದ್ದು ಬನ್ನಿ.

ಆರ್‌ಸಿಯಲ್ಲಿ ಮೊದಲು ಹೆಸರು ನೋಡಿ. ನಿಮಗೆ ಮಾರುತ್ತಿರುವವರ ಹೆಸರೇ ಅಲ್ಲಿದ್ದರೆ ಅರ್ಧ ತಲೆನೋವು ಕಮ್ಮಿ. ಬೇರೆಯವರ ಹೆಸರಿದ್ದರೆ ಅವರು ಯಾರು, ಎಲ್ಲಿದ್ದಾರೆ, ಬದುಕಿದ್ದಾರೆಯೇ ಅಂತ ಕೇಳಬೇಕು. ಇಲ್ಲಿಯೇ ಹೆಚ್ಚಿನವರು ಬೀಳುವುದು.

ಪಕ್ಕದ ಹೋಬಳಿಯ ಹುಡುಗನೊಬ್ಬ ಎರಡು ಕುರಿ ಮಾರಿ, ಸಂಘದಲ್ಲಿ ಸ್ವಲ್ಪ ಸಾಲ ಎತ್ತಿ ಯೆಜ್ಡಿ ತಂದ. ಬೈಕ್ ಚೆನ್ನಾಗಿಯೇ ಇತ್ತು. ಆರ್‌ಸಿ ಮಾತ್ರ ಬೇರೆ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರ ಹೆಸರಿನಲ್ಲಿತ್ತು. ಅವರಿಂದ ಒಬ್ಬ, ಅವನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ ಅಂತ ಮೂರು ಬಾಂಡ್ ಪೇಪರ್. ಮೂರರಲ್ಲೂ ನೋಟರಿ ಸೀಲು. ಹುಡುಗ ಸೀಲು ನೋಡಿ ಧೈರ್ಯ ತಂದುಕೊಂಡಿದ್ದ. ಹೆಸರು ಬದಲಾಯಿಸಲು ಹೊರಟಾಗ ಮೇಷ್ಟ್ರು ತೀರಿಕೊಂಡು ಆರು ವರ್ಷವಾಗಿದೆ ಅಂತ ಗೊತ್ತಾಯಿತು. ಮೂವರು ಮಕ್ಕಳು, ಮೂವರೂ ಬೇರೆ ಬೇರೆ ಊರು. ನಮ್ಮಪ್ಪನ ಬೈಕ್ ನಿನ್ನ ಕೈಗೆ ಹೇಗೆ ಬಂತು ಅನ್ನುವುದೇ ಅವರ ಮೊದಲ ಪ್ರಶ್ನೆ. ಬೈಕ್ ಈಗ ಕೊಟ್ಟಿಗೆಯಲ್ಲಿದೆ, ಸಾಲದ ಕಂತು ವಾರವಾರ ಹೋಗುತ್ತಿದೆ.

ಬಾಂಡ್ ಪೇಪರ್ ಮಾರಾಟದ ಸಾಕ್ಷಿ ಆಗಬಹುದು, ಮಾಲೀಕತ್ವದ ವರ್ಗಾವಣೆ ಆಗುವುದಿಲ್ಲ. ಹೆಸರು ಬದಲಾಗುವುದು ಆರ್‌ಟಿಒ ದಾಖಲೆಯಲ್ಲಿ ಮಾತ್ರ. ಅದಕ್ಕೆ ಮಾರುವವರು ಸಹಿ ಮಾಡಿದ ಫಾರಂ 29 ಮತ್ತು ಇಬ್ಬರೂ ಸಹಿ ಮಾಡುವ ಫಾರಂ 30 ಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರು ಫಾರಂ 31 ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ನಿಮಗೆ ಮಾರಬೇಕು. ಅಪ್ಪನ ಬೈಕನ್ನು ಮಗ ನೇರವಾಗಿ ನಿಮ್ಮ ಕೈಗಿಟ್ಟರೆ, ನಾಳೆ ಅವನ ಅಕ್ಕನೋ ತಮ್ಮನೋ ತಕರಾರು ತೆಗೆದರೆ, ಓಡಾಡಬೇಕಾದವರು ನೀವೇ.

ಖಾಲಿ ಫಾರಂ ಮೇಲೆ ಹಳೇ ಮಾಲೀಕರ ಸಹಿ ಇದೆ ಅಂತ ತೋರಿಸುವವರೂ ಇದ್ದಾರೆ. ಸಹಿ ಯಾವಾಗ ಮಾಡಿದ್ದು, ಯಾರ ಮುಂದೆ ಮಾಡಿದ್ದು, ಆರ್‌ಟಿಒ ಕಡತದಲ್ಲಿರುವ ಸಹಿಗೆ ಹೊಂದುತ್ತದೆಯೇ ಅಂತ ಯಾರಿಗೆ ಗೊತ್ತು? ಸಹಿ ಮಾಡಿದ ಮನುಷ್ಯನನ್ನು ಕಣ್ಣಾರೆ ನೋಡದೆ ಆ ಫಾರಂ ನೆಚ್ಚಿಕೊಳ್ಳಬೇಡಿ.

ಎರಡನೆಯದು ಸಾಲ. ಆರ್‌ಸಿಯಲ್ಲಿ ಬ್ಯಾಂಕು ಅಥವಾ ಫೈನಾನ್ಸ್ ಹೆಸರು ಇದೆಯೇ ನೋಡಿ. ಸಾಲ ತೀರಿ ಇಪ್ಪತ್ತು ವರ್ಷವಾಗಿದ್ದರೂ ಆ ಹೆಸರು ತೆಗೆಸದೆ ಬಿಟ್ಟವರು ಬಹಳ. ಅದನ್ನು ತೆಗೆಸಲು ಫೈನಾನ್ಸ್‌ನವರ ಪತ್ರ ಮತ್ತು ಫಾರಂ 35 ಬೇಕು. ಆ ಫೈನಾನ್ಸ್ ಕಂಪನಿಯೇ ಈಗ ಇಲ್ಲದಿದ್ದರೆ? ಅದನ್ನು ಮಾರುವವರು ಬಗೆಹರಿಸಿ ಕೊಡಲಿ, ನೀವು ತಲೆ ಕೊಡಬೇಡಿ.

ಮೂರನೆಯದು ತಾರೀಖು. ಸ್ವಂತ ಬಳಕೆಯ ಬೈಕಿನ ನೋಂದಣಿ ಮೊದಲು 15 ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಬೈಕನ್ನು ಆರ್‌ಟಿಒ ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ ನವೀಕರಿಸಬೇಕು. 1990ರ ಬೈಕ್ ಆದರೆ 2005, 2010, 2015, 2020, 2025 ಹೀಗೆ ಲೆಕ್ಕ ಬರಬೇಕು. ಎಲ್ಲಿ ತಪ್ಪಿದೆ ನೋಡಿ. ನವೀಕರಣ ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕ ಅಂತ ಕೇಂದ್ರದ ನಿಯಮವಿದೆ. ಎಂಟು ವರ್ಷ ಬಾಕಿ ಅಂದರೆ 96 ತಿಂಗಳು, 28,800 ರೂಪಾಯಿ. 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದ್ದಾರೆ, ಅದು ಬೇರೆ. ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟ ಬೈಕು ಇಲ್ಲಿ ದುಬಾರಿಯಾಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ಒಟ್ಟು ಬಾಕಿ ಎಷ್ಟು ಅಂತ ಕೇಳಿಕೊಂಡು, ಅದನ್ನು ರೇಟಿನಲ್ಲಿ ಕಳೆದು ಮಾತಾಡಿ.

"15 ವರ್ಷ ಆದ ಗಾಡಿ ಎಲ್ಲಾ ಗುಜರಿಗೆ" ಅಂತ ಹೆದರಿಸಿ ನಿಮ್ಮ ಹತ್ತಿರ ಇರುವ ಬೈಕನ್ನು ಮೂರು ಕಾಸಿಗೆ ಕೇಳುವವರೂ ಇದ್ದಾರೆ. ದೆಹಲಿ ಕಡೆಯ ನಿಯಮ ನಮ್ಮಲ್ಲಿಲ್ಲ. ಬೈಕ್ ಓಡಲು ಯೋಗ್ಯವಾಗಿದ್ದು ತಪಾಸಣೆಯಲ್ಲಿ ಪಾಸಾದರೆ ನಮ್ಮಲ್ಲಿ ನವೀಕರಣ ಸಿಗುತ್ತದೆ.

50 ವರ್ಷ ದಾಟಿದ ಜಾವಾಗಳಿಗೆ ಇನ್ನೊಂದು ದಾರಿ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ಡೇರಿಗೆ ಹಾಲು ಹಾಕಲು ಬೈಕ್ ಬೇಕಾದವರಿಗೆ ಅದು ಉಪಯೋಗವಿಲ್ಲ.

ಇಷ್ಟನ್ನೂ ಮನೆಯಲ್ಲೇ ಕೂತು ಸ್ವಲ್ಪ ನೋಡಬಹುದು. ಎಂ-ಪರಿವಾಹನ್ ಆಪ್‌ನಲ್ಲಿ ಬೈಕ್ ನಂಬರ್ ಹಾಕಿದರೆ ನೋಂದಣಿ ತಾರೀಖು, ಅವಧಿ, ಇನ್ಶೂರೆನ್ಸ್ ತೋರಿಸುತ್ತದೆ. ಏನೂ ಬರದಿದ್ದರೆ ಬೈಕ್ ಕಳ್ಳಮಾಲು ಅಂತಲೇ ಅರ್ಥವಲ್ಲ. ಕೆಎ ಬರುವ ಮುಂಚಿನ ಮೂರಕ್ಷರದ ನಂಬರ್, ಪುಸ್ತಕದ ಆರ್‌ಸಿ ಇರುವ ಎಷ್ಟೋ ಬೈಕುಗಳ ವಿವರ ಕಂಪ್ಯೂಟರಿಗೆ ಏರಿಲ್ಲ. ಅಂಥದ್ದನ್ನು ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲೇ ಕಡತ ಹುಡುಕಿಸಿ ಏರಿಸಬೇಕು. ಮಾರುವವರು ಅದನ್ನು ಮಾಡಿಸಿದ ಮೇಲೆ ದುಡ್ಡಿನ ಮಾತು. ಬೈಕ್ ಕಳವಾಗಿದ್ದೆಂದು ದೂರು ದಾಖಲಾಗಿದೆಯೇ ಅಂತ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ್ ಅನ್ನುವ ಸೇವೆ ಇದೆ.

ಪೆನ್ಸಿಲ್, ಟಾರ್ಚ್, ಅಯಸ್ಕಾಂತ

ಬೈಕ್ ನೋಡಲು ಹೋಗುವಾಗ ಜೇಬಿನಲ್ಲಿ ಮೂರು ಸಾಮಾನು ಇರಲಿ. ಒಂದು ಪೆನ್ಸಿಲ್ ಮತ್ತು ತೆಳು ಕಾಗದ, ಒಂದು ಟಾರ್ಚ್, ಒಂದು ಸಣ್ಣ ಅಯಸ್ಕಾಂತ. ಹಳೇ ಸ್ಪೀಕರ್ ಒಡೆದರೆ ಅಯಸ್ಕಾಂತ ಸಿಗುತ್ತದೆ.

ಪೆನ್ಸಿಲ್ ಇರುವುದು ನಂಬರಿಗೆ. ಚಾಸಿ ನಂಬರ್ ಸಾಮಾನ್ಯವಾಗಿ ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರ ಇರುತ್ತದೆ, ಎಂಜಿನ್ ನಂಬರ್ ಎಂಜಿನ್ ಮೇಲೆಯೇ ಇರುತ್ತದೆ. ಗ್ರೀಸು, ಬಣ್ಣ ಇದ್ದರೆ ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿ. ಮೇಲೆ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಅಂಕಿ ಕಾಗದಕ್ಕೆ ಇಳಿಯುತ್ತದೆ. ಆರ್‌ಟಿಒ ಕೆಲಸದಲ್ಲಿ ಚಾಸಿ ಪ್ರಿಂಟ್ ಅನ್ನುವುದು ಇದನ್ನೇ. ಅದನ್ನು ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಓದಿ. 3 ಇದ್ದದ್ದು 8 ಆಗಿದೆಯೇ, 1 ಇದ್ದದ್ದು 7 ಆಗಿದೆಯೇ, ಒಂದು ಅಂಕಿ ಮಾತ್ರ ಆಳವಾಗಿ ಸೊಟ್ಟಗೆ ಕೂತಿದೆಯೇ, ಅಂಕಿಯ ಸುತ್ತ ತಗಡು ಉಜ್ಜಿ ತೆಳುವಾಗಿದೆಯೇ, ಸುತ್ತ ವೆಲ್ಡಿಂಗ್ ಗುರುತು ಇದೆಯೇ ನೋಡಿ. ಇದರಲ್ಲಿ ಯಾವ ಒಂದು ಕಂಡರೂ ಆ ಬೈಕ್ ಬೇಡ. ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.

ಎಂಜಿನ್ ನಂಬರ್ ಮಾತ್ರ ಬೇರೆ ಇದ್ದರೆ, ಯಾವಾಗಲೋ ಎಂಜಿನ್ ಬದಲಾಯಿಸಿರಬಹುದು. ಬದಲಾಯಿಸಿದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಆ ಎಂಜಿನ್ ಯಾವ ಬೈಕಿನದು, ಆ ಬೈಕ್ ಎಲ್ಲಿ ಅನ್ನುವ ಪ್ರಶ್ನೆಗೆ ಪೊಲೀಸರ ಮುಂದೆ ನೀವು ಉತ್ತರ ಹೇಳಬೇಕಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆಯಲ್ಲ. ಅಮೆರಿಕದಲ್ಲಿ 1960-70ರ ಕಾಲದ ದೊಡ್ಡ ಎಂಜಿನ್ನಿನ ಮಸಲ್ ಕಾರುಗಳಿಗೆ ಇಂಥದ್ದೇ ಹುಚ್ಚು. ಸಾಧಾರಣ ಮಾಡೆಲ್ಲಿಗೆ ದುಬಾರಿ ಮಾಡೆಲ್ಲಿನ ಬ್ಯಾಡ್ಜ್, ಬಣ್ಣ, ಎಂಜಿನ್ ಹಾಕಿ ಮಾರುವವರು ಅಲ್ಲೂ ಇದ್ದಾರೆ. ಅದಕ್ಕೇ ಅಲ್ಲಿ ಕೊಳ್ಳುವವರು ಮೊದಲು ಕೇಳುವುದು ಕಾರಿನ ನಂಬರೂ ಎಂಜಿನ್ನಿನ ನಂಬರೂ ಕಾರ್ಖಾನೆಯಿಂದ ಒಟ್ಟಿಗೆ ಬಂದವೇ ಅಂತ. ನಮ್ಮಲ್ಲೂ ಯೆಜ್ಡಿಗೆ ಮೆರೂನ್ ಬಣ್ಣ ಹೊಡೆದು, ಟ್ಯಾಂಕಿಗೆ ಜಾವಾ ಬ್ಯಾಡ್ಜ್ ಅಂಟಿಸಿ, ಜಾವಾ ರೇಟು ಹೇಳುವವರಿದ್ದಾರೆ. ಟ್ಯಾಂಕ್ ಮೇಲೆ ಜಾವಾ ಅಂತಿದ್ದು ಆರ್‌ಸಿಯಲ್ಲಿ 1985 ಅಂತಿದ್ದರೆ, ಸುಳ್ಳು ಹೇಳುತ್ತಿರುವುದು ಟ್ಯಾಂಕ್.

ಅಯಸ್ಕಾಂತ ಇರುವುದು ತಗಡಿಗೆ. ಟ್ಯಾಂಕು, ಮಡ್‌ಗಾರ್ಡು, ಪಕ್ಕದ ಬಾಕ್ಸು ಎಲ್ಲ ಕಬ್ಬಿಣದ ತಗಡು. ಅಯಸ್ಕಾಂತ ಗಟ್ಟಿಯಾಗಿ ಹಿಡಿಯಬೇಕು. ಹಿಡಿಯದೆ ಜಾರಿದ ಕಡೆ ತುಕ್ಕು ತಿಂದು ತೂತಾಗಿದ್ದನ್ನು ಪುಟ್ಟಿ ತುಂಬಿ ಮುಚ್ಚಿದ್ದಾರೆ. ಮೇಲೆ ಥಳಕು ಒಳಗೆ ಹುಳುಕು ಅನ್ನುವ ಗಾದೆ ಇಂಥದ್ದಕ್ಕೇ ಇರುವುದು.

ಟಾರ್ಚ್ ಇರುವುದು ಟ್ಯಾಂಕಿನೊಳಗೆ ನೋಡಲು. ಮುಚ್ಚಳ ತೆಗೆದು ಬೆಳಕು ಬಿಡಿ. ಒಳಗೆ ಕೆಂಪು ತುಕ್ಕು ಇದ್ದರೆ ಕಾರ್ಬರೇಟರ್ ದಿನಾ ಕಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿಗೂ ಹಳೇ ರಬ್ಬರ್ ಪೈಪಿಗೂ ಅದರಿಂದ ಕೇಡು. ಹಾಗೆಯೇ ಬಗ್ಗಿ ಚೈನ್ ಕವರ್‌ನ ತಳ, ಡಬಲ್ ಸ್ಟ್ಯಾಂಡ್ ಕೂರುವ ಜಾಗ, ಸೀಟಿನ ಕೆಳಗಿನ ಚಾಸಿ ಕೊಳವೆ ನೋಡಿ. ಹಾಲಿನ ಕ್ಯಾನು ಹೊತ್ತ ಬೈಕುಗಳಲ್ಲಿ ಹಿಂಭಾಗದ ಚಾಸಿ ಬಿರುಕು ಬಿಟ್ಟು ಬೆಸುಗೆ ಹಾಕಿರುವುದು ಸಾಮಾನ್ಯ. ಬೆಸುಗೆ ಇದ್ದಮಾತ್ರಕ್ಕೆ ಬೇಡ ಅಂತಲ್ಲ, ಆದರೆ ಅದನ್ನು ಮಾರುವವರು ಮೊದಲೇ ಹೇಳಿದರೋ ಇಲ್ಲವೋ ಅನ್ನುವುದರಿಂದ ಮನುಷ್ಯ ಯಾರು ಅಂತ ಗೊತ್ತಾಗುತ್ತದೆ.

ಆಮೇಲೆ ಎಂಜಿನ್

ಬೈಕ್ ಮುಂದೆ ನಿಂತ ಕೂಡಲೆ ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಾದಾಗ ಹತ್ತುವುದಿಲ್ಲವೇನೋ ಅಂತ ಅನುಮಾನ ಪಡಿ. ಒಂದು ಟೀ ಕುಡಿದು, ಮಾತಾಡಿ, ತಣ್ಣಗಾಗಲು ಬಿಡಿ. ಒಳ್ಳೇ ಯೆಜ್ಡಿ ತಣ್ಣಗಿದ್ದರೂ ಮೂರು ನಾಲ್ಕು ಕಿಕ್ಕಿಗೆ ಹತ್ತಬೇಕು.

ಕಿಕ್ ಹೊಡೆಯುವಾಗಲೇ ಲಿವರ್ ಗಮನಿಸಿ. ಒಂದೇ ಲಿವರ್ ಎರಡು ಕೆಲಸ ಮಾಡುವುದರಿಂದ ಅದರ ಹಲ್ಲು ಸವೆಯುತ್ತದೆ. ಸವೆದ ಮೇಲೆ ಕೆಲವರು ಬೆಸುಗೆ ಹಾಕಿ ಬಿಡುತ್ತಾರೆ. ಲಿವರ್ ಒಳಗೆ ಒತ್ತಿ ತಿರುಗಿಸಿದರೆ ಕಿಕ್ಕರ್ ಆಗಬೇಕು, ಬಿಟ್ಟರೆ ವಾಪಸ್ ಗೇರ್ ಜಾಗಕ್ಕೆ ಬರಬೇಕು. ಅಲ್ಲಾಡಬಾರದು.

ಹೊಗೆ ನೋಡಿ ಹೆದರಬೇಡಿ, ಆದರೆ ಹೊಗೆಯ ಬಣ್ಣ ನೋಡಿ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕುವುದು, ಶುರುವಿನಲ್ಲಿ ನೀಲಿ ಹೊಗೆ ಸಹಜ. ಐದು ನಿಮಿಷ ಓಡಿ ಬಿಸಿಯಾದ ಮೇಲೂ ಬಿಳಿ ದಟ್ಟ ಹೊಗೆ ಬರುತ್ತಿದ್ದರೆ ಕ್ರ್ಯಾಂಕಿನ ಒಂದು ಬದಿಯ ಸೀಲು ಸೋತು, ಗೇರ್ ಆಯಿಲ್ ಒಳಗೆ ಸೇರಿ ಸುಡುತ್ತಿದೆ. ಇನ್ನೊಂದು ಬದಿಯ ಸೀಲು ಸೋತರೆ ಹೊಗೆ ಬರುವುದಿಲ್ಲ, ಗಾಳಿ ಎಳೆಯುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನೇ ಜೋರಾಗಿ ಕೂಗುತ್ತಿರುತ್ತದೆ. ಸದ್ದು ಚೆನ್ನಾಗಿದೆ ಅಂತ ಹುಡುಗರು ಇದಕ್ಕೇ ಮರುಳಾಗುತ್ತಾರೆ. ಹಾಗೆ ಗಾಳಿ ಎಳೆದು ಓಡಿದ ಎಂಜಿನ್ನಿಗೆ ಪೆಟ್ರೋಲೂ ಆಯಿಲೂ ಸಾಲದೆ, ಬಿಸಿಯೇರಿ ಪಿಸ್ಟನ್ ಹಿಡಿಯುತ್ತದೆ. ಓಡುತ್ತಿರುವಾಗ ಪಿಸ್ಟನ್ ಹಿಡಿದರೆ ಹಿಂದಿನ ಚಕ್ರ ನಿಂತು ಬೈಕ್ ಬೀಳಿಸುತ್ತದೆ. ಸೀಲಿನ ಬೆಲೆ ಕಮ್ಮಿ, ಅದನ್ನು ಬಿಟ್ಟದ್ದರ ಬೆಲೆ ಹೆಚ್ಚು.

ಬೋರ್ ಎಷ್ಟು ಸಲ ಆಗಿದೆ, ಈಗ ಯಾವ ಸೈಜಿನ ಪಿಸ್ಟನ್ ಇದೆ ಅಂತ ಕೇಳಿ. ಪ್ರತಿ ಸಲ ಸಿಲಿಂಡರ್ ಕೊರೆದಾಗ ಗೋಡೆ ತೆಳುವಾಗುತ್ತದೆ, ಕೊನೆಗೊಮ್ಮೆ ಕೊರೆಯಲು ಏನೂ ಉಳಿಯುವುದಿಲ್ಲ. ಎಂಜಿನ್ ಕೆಳಗಿನಿಂದ ಟಕ್ ಟಕ್ ಅಂತ ಬಡಿದ ಸದ್ದು ಬಂದರೆ ಕನೆಕ್ಟಿಂಗ್ ರಾಡ್ ಸವೆದಿದೆ. ಅದಕ್ಕೆ ಪೂರ್ತಿ ಎಂಜಿನ್ ಬಿಚ್ಚಿ, ಕ್ರ್ಯಾಂಕನ್ನು ಲೇತಿನವರ ಹತ್ತಿರ ಒಯ್ಯಬೇಕು.

ಓಡಿಸಿ ನೋಡುವಾಗ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಿಸಿ. ಎಂಜಿನ್ ಕೂಗಿ ಬೈಕ್ ಓಡದಿದ್ದರೆ ಕ್ಲಚ್ ಜಾರುತ್ತಿದೆ. ಹಾಕಿದ ಗೇರ್ ತಾನೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ಗೇರ್ ಬಾಕ್ಸ್ ಬಿಚ್ಚುವ ಕೆಲಸ. ಹಿಂದಿನ ಚಕ್ರ ಹಿಡಿದು ಎಡಬಲ ಅಲ್ಲಾಡಿಸಿ, ಆಟ ಇದ್ದರೆ ಬುಷ್ ಹೋಗಿದೆ. ಇನ್ಶೂರೆನ್ಸ್ ಇಲ್ಲದ ಬೈಕನ್ನು ನೋಡುವ ನೆಪದಲ್ಲೂ ರಸ್ತೆಗೆ ಒಯ್ಯಬೇಡಿ. ಅಂಗಳದಲ್ಲೇ ಆದಷ್ಟು ನೋಡಿ ಬನ್ನಿ.

ದುಡ್ಡು ಎಣಿಸುವ ಮುಂಚೆ

ನಾವು ಜಿಲ್ಲೆಯ ಸುದ್ದಿ ಬರೆಯುವವರು. ವಾರಕ್ಕೆರಡಾದರೂ ಬೈಕ್ ಡಿಕ್ಕಿ ಸುದ್ದಿ ಬರೆಯುತ್ತೇವೆ. ಸತ್ತವರು, ಗಾಯಗೊಂಡವರು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಅಂತ ನಾಲ್ಕು ಸಾಲಿಗೆ ಸುದ್ದಿ ಮುಗಿಯುತ್ತದೆ. ಆ ನಾಲ್ಕು ಸಾಲಿನ ಆಚೆ ಏನಾಗುತ್ತದೆ ಅನ್ನುವುದು ಸುದ್ದಿಯಾಗುವುದಿಲ್ಲ.

ಇನ್ಶೂರೆನ್ಸ್ ಇಲ್ಲದ ಬೈಕ್ ಗುದ್ದಿ ಒಬ್ಬರು ಸತ್ತರೆ ಅಥವಾ ಕಾಲು ಕಳೆದುಕೊಂಡರೆ, ಪರಿಹಾರ ಕೊಡಬೇಕಾದವರು ಬೈಕಿನವರೇ. ನ್ಯಾಯಮಂಡಳಿ ಹೇಳಿದ ಹಣ ಕಟ್ಟದಿದ್ದರೆ ಅದನ್ನು ಭೂಕಂದಾಯ ಬಾಕಿಯ ಹಾಗೆ ವಸೂಲು ಮಾಡಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಅಂದರೆ ಬೈಕಿನ ತಪ್ಪು ಹೊಲದವರೆಗೂ ಬರುತ್ತದೆ. 150ರಿಂದ 350 ಸಿಸಿ ಬೈಕಿಗೆ ಮೂರನೆಯವರ ಇನ್ಶೂರೆನ್ಸ್ ದರ 2022ರಲ್ಲಿ ನಿಗದಿಯಾದ ಹಾಗೆ ವರ್ಷಕ್ಕೆ 1,366 ರೂಪಾಯಿ, ತೆರಿಗೆ ಬೇರೆ. ಇಷ್ಟು ಉಳಿಸಲು ಹೋಗಿ ಎಕರೆ ಕಳೆದುಕೊಳ್ಳಬಾರದು.

ಬೈಕ್ ಮಾರಿದವರಿಗೂ ಇದರಿಂದ ಬಿಡುಗಡೆಯಿಲ್ಲ. ಮಾರಿದ ಮೇಲೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ತಾಲೂಕಿನ ಅಜ್ಜನೊಬ್ಬರು ಒಂಬತ್ತು ವರ್ಷದ ಹಿಂದೆ ತಮ್ಮ ಯೆಜ್ಡಿಯನ್ನು ನಾಲ್ಕು ಸಾವಿರಕ್ಕೆ ಕೊಟ್ಟು ಮರೆತಿದ್ದರು. ಬೈಕ್ ಎಲ್ಲಿ ಹೋಯಿತೋ, ಯಾರ ಕೈ ಸೇರಿತೋ. ಒಂದು ದಿನ ಪೋಸ್ಟ್‌ಮ್ಯಾನ್ ಕೋರ್ಟ್ ನೋಟಿಸ್ ತಂದ. ತಾವು ಎಂದೂ ಕಾಣದ ಊರಿನ, ಎಂದೂ ಕಾಣದ ಮನುಷ್ಯನ ಕಾಲು ಮುರಿದ ಕೇಸಿನಲ್ಲಿ ಅವರ ಹೆಸರು. "ನಾನು ಮಾರಿಬಿಟ್ಟಿದ್ದೆ ಕಣಪ್ಪ" ಅನ್ನುವುದು ಬಿಟ್ಟು ಅವರ ಬಳಿ ಒಂದು ಚೂರು ಕಾಗದವಿರಲಿಲ್ಲ. ವಕೀಲರ ಹತ್ತಿರ ಓಡಾಟ ಇನ್ನೂ ನಿಂತಿಲ್ಲ.

ಅದಕ್ಕೆ ದುಡ್ಡನ್ನು ಹೀಗೆ ಕೊಡಿ. ಮುಂಗಡ ಸ್ವಲ್ಪವೇ ಕೊಡಿ, ಅದನ್ನೂ ಫೋನ್ ಪೇ ಅಥವಾ ಬ್ಯಾಂಕ್ ಮೂಲಕ ಕೊಡಿ, ಗುರುತು ಉಳಿಯುತ್ತದೆ. ಮಾರುವವರ ಜೊತೆಗೇ ಆರ್‌ಟಿಒ ಕಚೇರಿಗೆ ಹೋಗಿ. ಅರ್ಜಿ ಸಲ್ಲಿಸಿದ ರಸೀದಿ ಕೈಗೆ ಬಂದ ಮೇಲೆ ಇನ್ನಷ್ಟು, ನಿಮ್ಮ ಹೆಸರಿನ ಆರ್‌ಸಿ ಬಂದ ಮೇಲೆ ಉಳಿದದ್ದು. ಒಂದೇ ರಾಜ್ಯದೊಳಗೆ ಆದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಬೇರೆ ರಾಜ್ಯದ ಬೈಕ್ ಆದರೆ ಅಲ್ಲಿನ ಎನ್‌ಒಸಿ ಬೇಕು. ಎನ್‌ಒಸಿ ಕೈಗೆ ಬರುವವರೆಗೂ ಒಂದು ರೂಪಾಯಿಯನ್ನೂ ಕೊಡಬೇಡಿ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹೊಸ ನಂಬರ್ ಪ್ಲೇಟು, ಎಮಿಷನ್ ಟೆಸ್ಟು ಆಮೇಲಿನ ಮಾತು, ಆದರೆ ಅವೂ ಬಿಡುವಂತಿಲ್ಲ.

ಮಾರುವವರು ಇದಕ್ಕೆಲ್ಲ ಒಪ್ಪಿದರೆ ನಾಲ್ಕು ಸಾವಿರ ಹೆಚ್ಚು ಕೇಳಿದರೂ ಕೊಡಿ. ಸೋತ ಸೀಲು, ಹರಿದ ಸೀಟು, ಮಾಸಿದ ಬಣ್ಣ ಇದ್ದರೂ ತನ್ನದೇ ಹೆಸರಿನ ಆರ್‌ಸಿ ಹಿಡಿದು, ಆರ್‌ಟಿಒವರೆಗೆ ಜೊತೆಗೆ ಬರುವ ಮನುಷ್ಯನ ಬೈಕ್ ಒಳ್ಳೇ ಬೈಕ್. ಕನ್ನಡಿಯ ಹಾಗೆ ಹೊಳೆಯುತ್ತಾ, "ಪೇಪರ್ ಆಮೇಲೆ ನೋಡ್ಕೊಳೋಣ ಬನ್ನಿ" ಅನ್ನುವವನ ಬೈಕ್ ಕೆಟ್ಟ ಬೈಕ್.

ನಮ್ಮ ಜೊತೆ ಬೈಕ್ ನೋಡಲು ಬರುವ ಹುಡುಗರಿಗೆ ಕಷ್ಟವಾಗುವುದು ನಂಬರ್ ಓದುವುದಲ್ಲ, ಹೊಗೆ ನೋಡುವುದಲ್ಲ. ಅಷ್ಟು ದೂರ ಬಂದು, ಮನಸ್ಸು ಕೊಟ್ಟು, ಟೀ ಕುಡಿದು, ಆಮೇಲೆ ಬೇಡ ಅಂತ ಹೇಳುವುದು. ಮುಖ ನೋಡಿ ದಾಕ್ಷಿಣ್ಯಕ್ಕೆ ಬೀಳುತ್ತಾರೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದು ಯಾರು ಅಂತ ನಮ್ಮ ಹಿರಿಯರು ಸುಮ್ಮನೆ ಕೇಳಿಲ್ಲ. ಮೈಸೂರಿನ ಕಾರ್ಖಾನೆಯಿಂದ ಹೊರಬಿದ್ದ ಬೈಕುಗಳು ಇನ್ನೂ ಊರೂರಿನಲ್ಲಿವೆ. ಇವತ್ತು ಬಿಟ್ಟರೆ ಮುಂದಿನ ತಿಂಗಳು ಇನ್ನೊಂದು ಬರುತ್ತದೆ. ಬೇಡ ಅಂತ ಎದ್ದು ಬಂದ ಬೈಕಿನಿಂದ ಇದುವರೆಗೆ ಯಾರ ಮನೆಯೂ ಹಾಳಾದದ್ದನ್ನು ನಾವು ನೋಡಿಲ್ಲ.